ಹೊಲದ ನಂತರ ಹೊಳೆಯ ಸರದಿ

ಮಲೆನಾಡಿನಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಬಹುಪಾಲು ಒಂದೇ ಹೆಬ್ಬಾಗಿಲಿನಿಂದ ನಗರವನ್ನು ಪ್ರವೇಶಿಸುತ್ತವೆ. ಸಾಗರ, ತೀರ್ಥಹಳ್ಳಿ, ಶಿವಮೊಗ್ಗಗಳ ಬಸ್ಸುಗಳು ತುಮಕೂರಿನ ಮೇಲಿಂದ ಬರುತ್ತವೆ. ಮೂಡಿಗೆರೆ, ಸಕಲೇಶಪುರಗಳ ಬಸ್ಸುಗಳು ಹಾಸನ, ಕುಣಿಗಲ್ಲುಗಳನ್ನು ದಾಟಿ ಬರುತ್ತವೆ. ಎರಡೂ ದಾರಿಗಳು ನೆಲಮಂಗಲದಲ್ಲಿ ಕೂಡಿಕೊಂಡ ಮೇಲೆ ನಸುಕಿನ ಮಬ್ಬಿನಲ್ಲಿ ಗೋದಾಮುಗಳ ಸಾಲು, ಲಾರಿಗಳ ಸಾಲು, ನಿವೇಶನ ಮಾರಾಟದ ಫಲಕಗಳು ಕಾಣತೊಡಗುತ್ತವೆ. ನಿದ್ದೆಗಣ್ಣಿನ ಪ್ರಯಾಣಿಕರು 'ಬೆಂಗಳೂರು ಬಂತು' ಎಂದು ಚೀಲ ಹುಡುಕುವುದು ಇಲ್ಲಿಯೇ. ಆ ಹೊತ್ತಿನಲ್ಲಿ ಬಸ್ಸು ದಾಟುತ್ತಿರುವ ಊರುಗಳಲ್ಲೊಂದು ಮಾದನಾಯಕನಹಳ್ಳಿ.

ಬೆಂಗಳೂರು ಉತ್ತರ ತಾಲ್ಲೂಕಿನ ದಾಸನಪುರ ಹೋಬಳಿಗೆ ಸೇರಿದ ಈ ಊರು ಒಂದು ಕಾಲಕ್ಕೆ ನಗರದ ನೆರಳೂ ಬೀಳದ ಬೇಸಾಯದ ಹಳ್ಳಿ. ಇಂದು ಅದು ನಗರಸಭೆ. ಒಂದು ಬದಿಯಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಹಬ್ಬಿಕೊಂಡಿದೆ. ಸಮೀಪದ ಮಾದಾವರಕ್ಕೆ 2024ರ ನವೆಂಬರ್‌ನಲ್ಲಿ ಮೆಟ್ರೋ ರೈಲು ಬಂದಿದೆ. ಸುತ್ತಲಿನ ಹೊಲಗಳು ಒಂದೊಂದಾಗಿ ಬಡಾವಣೆಗಳಾಗಿವೆ. ನಗರ ಬೆಳೆಯುವಾಗ ಇದೆಲ್ಲ ಸಹಜವೆಂದೇ ಜನ ಭಾವಿಸುತ್ತಾರೆ. ನೂರಾರು ಕಿಲೋಮೀಟರ್ ದೂರದ ಗುಡ್ಡಗಾಡಿನ ಜನರಿಗಂತೂ ಈ ಊರಿನ ರಾಗಿ ಹೊಲ ಉಳಿದರೇನು, ಅಳಿದರೇನು ಎಂಬ ಉದಾಸೀನ ಇರುವುದು ಆಶ್ಚರ್ಯವಲ್ಲ.

ಆದರೆ ಈ ಉದಾಸೀನ ಮಲೆನಾಡಿಗೆ ದುಬಾರಿಯಾಗಿ ಪರಿಣಮಿಸಿದೆ. ಎತ್ತಿನಹೊಳೆಗೆ ಅಡ್ಡಗಟ್ಟೆ ಬಂದದ್ದೇಕೆ, ಶರಾವತಿಯ ಮೇಲೆ ರಾಜಧಾನಿಯ ಕಣ್ಣು ಬಿದ್ದದ್ದೇಕೆ ಎಂಬ ಪ್ರಶ್ನೆಗಳಿಗೆ ಘಟ್ಟದ ಮೇಲೆ ನಿಂತು ಉತ್ತರ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಮಾದನಾಯಕನಹಳ್ಳಿಯಂಥ ಊರುಗಳ ಹೊಲದಲ್ಲಿ, ಕೆರೆಯಲ್ಲಿ, ಮುಚ್ಚಿಹೋದ ರಾಜಕಾಲುವೆಯಲ್ಲಿ ಹುದುಗಿದೆ.

ನಗರಕ್ಕೆ ನೀರುಣಿಸಿದ ಬಯಲು

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟವನ್ನು ಸೇರಿ, ಅಲ್ಲಿಂದ ದಕ್ಷಿಣಾಭಿಮುಖವಾಗಿ ಈ ಬಯಲನ್ನು ಹಾದು ತಿಪ್ಪಗೊಂಡನಹಳ್ಳಿಯನ್ನು ತಲುಪುತ್ತದೆ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಅಲ್ಲಿ ಅದನ್ನು ಕೂಡುತ್ತದೆ. ಮುಂದೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ಕಾವೇರಿಯ ಪಾಲಾಗುತ್ತದೆ. ಮಾದನಾಯಕನಹಳ್ಳಿ ಈ ನದಿಯ ಮಡಿಲಿನ ಊರು.

ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ಕಾವೇರಿಯಲ್ಲ, ಈ ಅರ್ಕಾವತಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದ ಕೆರೆಯಿಂದ ನಗರಕ್ಕೆ ನೀರು ಹರಿಯಿತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಸುಮಾರು 3 ಟಿಎಂಸಿ ನೀರು ಹಿಡಿಯುವ ಈ ಜಲಾಶಯವನ್ನು ನೆಚ್ಚಿಕೊಂಡು ನಗರ ನಾಲ್ಕು ದಶಕ ಬಾಳಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂದ ಮೇಲೆಯೂ ನಗರದ ಪಶ್ಚಿಮ ಭಾಗದ ಮನೆಗಳಿಗೆ ಅರ್ಕಾವತಿಯೇ ಆಸರೆಯಾಗಿತ್ತು. ಕಡೆಗೆ 2012ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದು ನಿಂತುಹೋಯಿತು. ಒಳಹರಿವು ಕುಸಿದಿತ್ತು. ಬರುತ್ತಿದ್ದ ಅಲ್ಪ ನೀರೂ ಕೊಳೆಯಿಂದ ಕೂಡಿತ್ತು.

ಮಳೆ ಕಡಿಮೆಯಾಗಿದ್ದರಿಂದ ನದಿ ಬತ್ತಿತೆಂಬ ಮಾತು ಬಹುಕಾಲ ಪ್ರಚಲಿತವಿತ್ತು. ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಅಂದರೆ ಏಟ್ರೀ, ತನ್ನ ಸಂಗಡಿಗರೊಡನೆ ತಿಪ್ಪಗೊಂಡನಹಳ್ಳಿಯ ಮೇಲ್ಭಾಗದ ಜಲಾನಯನವನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಪ್ರಬಂಧ ಈ ನಂಬಿಕೆಯನ್ನು ಅಲುಗಾಡಿಸಿತು. ಮಳೆಯ ಪ್ರಮಾಣವಾಗಲಿ ತಾಪಮಾನದ ಏರಿಕೆಯಾಗಲಿ ಈ ಮಟ್ಟದ ಕುಸಿತಕ್ಕೆ ಕಾರಣವಾಗಲಾರವು, ಮಿತಿಮೀರಿದ ಅಂತರ್ಜಲ ಬಳಕೆ, ನೀಲಗಿರಿ ತೋಪುಗಳು ಹಾಗೂ ಹರಿವಿನ ದಾರಿಗಳ ತುಂಡರಿಸುವಿಕೆಯೇ ಹೆಚ್ಚು ಸಂಭಾವ್ಯ ಕಾರಣಗಳು ಎಂಬುದು ಅದರ ಸಾರ. ಬೇರೆ ಮಾತಿನಲ್ಲಿ ಹೇಳುವುದಾದರೆ, ಆಕಾಶ ಕೈಬಿಡಲಿಲ್ಲ, ನೆಲದ ಬಳಕೆ ಬದಲಾಯಿತು.

ಹೊಲವೆಂಬ ಜಲಸಂಗ್ರಹ

ಈ ಬದಲಾವಣೆಯನ್ನು ತಿಳಿಯಬೇಕಾದರೆ ಹಳೆಯ ಹೊಲ ಹೇಗಿತ್ತೆಂಬುದನ್ನು ನೆನೆಯಬೇಕು. ಬೆಂಗಳೂರಿನ ಸುತ್ತಣ ಕೆಮ್ಮಣ್ಣಿನ ಭೂಮಿಯಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ವಾಡಿಕೆ ಇರಲಿಲ್ಲ. ಕೂರಿಗೆಯಲ್ಲಿ ಕೆಲವು ಸಾಲು ರಾಗಿ ಬಿತ್ತಿದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಬದುವಿನ ಮೇಲೆ ಹರಳು, ಹೊಂಗೆ. ರಾಗಿಯ ಜೊಂಡುಬೇರು ಮೇಲ್ಮಣ್ಣನ್ನು ಹಿಡಿದಿಟ್ಟರೆ ತೊಗರಿಯ ತಾಯಿಬೇರು ಗಟ್ಟಿ ಪದರವನ್ನು ಸೀಳಿ ಕೆಳಕ್ಕಿಳಿಯುತ್ತಿತ್ತು. ಕೊಟ್ಟಿಗೆ ಗೊಬ್ಬರ ಮತ್ತು ಬೇಸಿಗೆಯಲ್ಲಿ ಕೆರೆಯಿಂದ ಹೇರಿ ತಂದ ಗೋಡು ಮಣ್ಣನ್ನು ಸಡಿಲಗೊಳಿಸುತ್ತಿದ್ದವು. ಬಿದ್ದ ಮಳೆಯನ್ನು ಬದು ತಡೆಯುತ್ತಿತ್ತು, ಮಣ್ಣು ಹೀರುತ್ತಿತ್ತು. ಮಿಕ್ಕದ್ದು ಗುಂಡುತೋಪು, ಗೋಮಾಳಗಳನ್ನು ಸವರಿಕೊಂಡು ಕಾಲುವೆಗಿಳಿದು ಕೆರೆ ಸೇರುತ್ತಿತ್ತು. ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ. ತೂಬಿನ ಹೊಣೆ ನೀರಗಂಟಿಯದು. ಈ ಸರಪಳಿಯ ತುದಿಯಲ್ಲಿ ಅರ್ಕಾವತಿ ಇತ್ತು.

ಇದನ್ನು ಕೇವಲ ಹಳೆಯ ಕಾಲದ ಸೊಗಸೆಂದು ತಳ್ಳಿಹಾಕುವಂತಿಲ್ಲ. ಒಂದು ಸರಳ ಲೆಕ್ಕ ಸಾಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 900 ಮಿ.ಮೀ. ಮಳೆ ಎಂದಿಟ್ಟುಕೊಂಡರೆ 36 ಲಕ್ಷ ಲೀಟರ್. ಇದರ ಬಹುಭಾಗವನ್ನು ಬೆಳೆ ಕುಡಿಯುತ್ತದೆ, ಬಿಸಿಲು ಹೀರುತ್ತದೆ, ಒಂದಿಷ್ಟು ಹರಿದುಹೋಗುತ್ತದೆ. ಕಲ್ಲುಬಂಡೆಯ ಈ ಪ್ರದೇಶದಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ಆಳಕ್ಕಿಳಿದು ಅಂತರ್ಜಲವಾಗುತ್ತದೆಂದು ಎಣಿಸಿದರೂ ಅದು 3.6 ಲಕ್ಷ ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಮಾನದಂಡ. ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 49 ಸಾವಿರ ಲೀಟರ್. ಹಾಗಾದರೆ ಮಳೆಯಾಶ್ರಯದ ಒಂದು ಎಕರೆ ರಾಗಿ ಹೊಲ ಫಸಲು ಕೊಟ್ಟ ಮೇಲೆಯೂ ಏಳು ಜನರಿಗೆ ವರ್ಷವಿಡೀ ಸಾಲುವ ನೀರನ್ನು ನೆಲದೊಳಗೆ ಕೂಡಿಡುತ್ತಿತ್ತು.

ಅದೇ ಎಕರೆಯನ್ನು ಬಡಾವಣೆ ಮಾಡಿದರೆ ಏನಾಗುತ್ತದೆ? ರಸ್ತೆ, ಉದ್ಯಾನಗಳಿಗೆ ಬಿಟ್ಟು ನೂರಕ್ಕೆ 55ರಷ್ಟು ಭೂಮಿ ನಿವೇಶನಗಳಿಗೆ ಸಿಕ್ಕರೆ 30ಕ್ಕೆ 40 ಅಡಿಯ 20 ನಿವೇಶನಗಳಾಗುತ್ತವೆ. ಮನೆಗೆ ನಾಲ್ವರಂತೆ 80 ಜನ. ಇವರಿಗೆ ವರ್ಷಕ್ಕೆ ಬೇಕಾದ ನೀರು ಸುಮಾರು 39 ಲಕ್ಷ ಲೀಟರ್. ಆ ಎಕರೆಯ ಮೇಲೆ ಬೀಳುವ ಒಟ್ಟು ಮಳೆಗಿಂತಲೂ ಇದು ಹೆಚ್ಚು. ಏಳು ಜನರಿಗೆ ನೀರು ಕೊಡುತ್ತಿದ್ದ ನೆಲ ಎಂಬತ್ತು ಜನರಿಗೆ ನೀರು ಕೇಳುವ ನೆಲವಾಯಿತು. ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳೆದ್ದರೆ ಈ ಸಂಖ್ಯೆ ಇನ್ನೂ ಏರುತ್ತದೆ. ಕೊಳವೆ ಬಾವಿ, ಟ್ಯಾಂಕರ್‌ಗಳು ಒಂದಷ್ಟು ಕಾಲ ಈ ಕೊರತೆಯನ್ನು ಮುಚ್ಚಿಡುತ್ತವೆ. ಕೊನೆಗೆ ಯಾವುದೋ ದೂರದ ನದಿ ಇದನ್ನು ತುಂಬಿಕೊಡಬೇಕಾಗುತ್ತದೆ. ಬೆಂಗಳೂರಿನ ಅಂಚಿನ ನೂರಾರು ಹಳ್ಳಿಗಳ ಎಕರೆಗಳನ್ನು ಹೀಗೆ ಒಂದರ ಪಕ್ಕ ಒಂದರಂತೆ ಇಟ್ಟು ನೋಡಿದರೆ ಪಶ್ಚಿಮ ಘಟ್ಟದ ಹಳ್ಳಗಳಿಗೆ ಬಂದೊದಗಿದ ವಿಪತ್ತಿನ ಮೂಲ ಕಾಣುತ್ತದೆ.

ಮೂರು ಏಟುಗಳು

ಈ ಬಯಲಿನ ಬೇಸಾಯ ಒಂದೇ ದಿನದಲ್ಲಿ ಸಾಯಲಿಲ್ಲ. ಅದಕ್ಕೆ ಬಿದ್ದ ಏಟುಗಳು ಮೂರು.

ಮೊದಲನೆಯದು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬೆಂಗಳೂರು, ಕೋಲಾರ ಜಿಲ್ಲೆಗಳ ರಾಗಿ ಹೊಲಗಳಿಗೆ ನೀಲಗಿರಿ ಸಸಿಗಳು ಇಳಿದವು. ಕೂಲಿಯಾಳುಗಳ ತೊಂದರೆ, ರಾಗಿಗಿಲ್ಲದ ಬೆಲೆ, ಕಾಗದ ಹಾಗೂ ಕೃತಕ ನೂಲಿನ ಕಾರ್ಖಾನೆಗಳ ಬೇಡಿಕೆ ಎಲ್ಲವೂ ಸೇರಿ ರೈತನಿಗೆ ಇದು ಸುಲಭದ ದಾರಿಯೆನಿಸಿತು. ಆಳಕ್ಕೆ ಬೇರು ಬಿಡುವ ಆ ಮರ ವರ್ಷದ ಹನ್ನೆರಡು ತಿಂಗಳೂ ನೀರೆತ್ತುತ್ತದೆ. ನಾಲ್ಕು ತಿಂಗಳ ರಾಗಿಯಂತೆ ಕೊಯ್ಲಾದ ಮೇಲೆ ನೆಲಕ್ಕೆ ಬಿಡುವು ಕೊಡುವುದಿಲ್ಲ. ಮಲೆನಾಡಿನ ಅಂಚಿನ ಜನ ಈ ಪಾಠವನ್ನು ಬೇಗ ಕಲಿತಿದ್ದರು. ಹಾನಗಲ್ ಸೀಮೆಯ ಕುಸನೂರಿನಲ್ಲಿ 1987ರಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟದ್ದು ಅದೇ ಅರಿವಿನಿಂದ. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಲು 2017ರವರೆಗೆ ಕಾಯಬೇಕಾಯಿತು.

ಎರಡನೆಯದು ಕೊಳವೆ ಬಾವಿ. ತೆರೆದ ಬಾವಿಯ ಕಾಲದಲ್ಲಿ ನೀರಿನ ಮಟ್ಟ ಕಣ್ಣಿಗೆ ಕಾಣುತ್ತಿತ್ತು. ನೀರು ಇಳಿದರೆ ಏತ, ಪಂಪು ತಾವಾಗಿ ನಿಲ್ಲುತ್ತಿದ್ದವು. ಕೊಳವೆ ಬಾವಿ ಈ ಲಗಾಮನ್ನು ತೆಗೆದುಹಾಕಿತು. ತರಕಾರಿ, ಹೂವು, ದ್ರಾಕ್ಷಿಗಳಿಂದ ರೈತನಿಗೆ ನಾಲ್ಕು ಕಾಸು ಬಂದದ್ದು ನಿಜ. ಆದರೆ ನದಿಯ ಪಾತ್ರಕ್ಕೆ ಜಿನುಗಬೇಕಾದ ನೀರನ್ನು ಬಂಡೆಯ ಸೀಳುಗಳಿಂದಲೇ ಎತ್ತಿ ಮುಗಿಸಲಾಯಿತು. ಮಳೆಗಾಲ ಮುಗಿದ ಮೇಲೂ ಹರಿಯುತ್ತಿದ್ದ ನದಿ ಮಳೆ ಬಂದ ದಿನ ಮಾತ್ರ ಹರಿಯುವ ಕಾಲುವೆಯಾಯಿತು.

ಮೂರನೆಯದು ನಗರ ಸ್ವತಃ. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಮೊದಲಾದ ಘಟಕಗಳ ತ್ಯಾಜ್ಯದಿಂದ ಆ ಪ್ರದೇಶದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ದಾಖಲಾದ ಸಂಗತಿ. ದೇಶದ ಅತಿ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ಪೀಣ್ಯದ ಹೆಸರಿದೆ. ಹೆದ್ದಾರಿ ಅಗಲವಾದಂತೆ ಅದರ ಎರಡೂ ಬದಿಯ ಹೊಲಗಳಿಗೆ ಬೆಲೆ ಬಂತು. ರಾಜಕಾಲುವೆ ಕಿರಿದಾಯಿತು. ಅದರಲ್ಲಿ ಮಳೆನೀರಿನ ಬದಲು ಮನೆಗಳ ಬಚ್ಚಲು ನೀರು ಹರಿಯತೊಡಗಿತು.

ಕಾನೂನು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. 2003ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ತಿಪ್ಪಗೊಂಡನಹಳ್ಳಿ ಜಲಾನಯನದ ರಕ್ಷಣೆಗೆ ಆದೇಶ ಹೊರಡಿಸಿತ್ತು. ಜಲಾಶಯದ ಸುತ್ತ 2 ಕಿ.ಮೀ., ಅರ್ಕಾವತಿ ಮತ್ತು ಕುಮುದ್ವತಿಗಳ ದಂಡೆಗಳಲ್ಲಿ 1 ಕಿ.ಮೀ. ಪಟ್ಟಿಯಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ನಿರ್ಬಂಧಗಳಿದ್ದವು. 2019ರಲ್ಲಿ ಆ ಆದೇಶವನ್ನು ತಿದ್ದಿ ನಿರ್ಬಂಧಿತ ಪಟ್ಟಿಯನ್ನು ಕಿರಿದುಗೊಳಿಸಲಾಯಿತು. ನದಿ ಬತ್ತಿದೆ, ಹೀಗಿರುವಾಗ ನಿರ್ಬಂಧವೇಕೆ ಎಂಬ ವಾದ ಇಂಥ ಸಡಿಲಿಕೆಗಳ ಬೆನ್ನಿಗಿರುತ್ತದೆ. ರೋಗಿ ಬಡಕಲಾಗಿದ್ದಾನೆ, ಔಷಧ ನಿಲ್ಲಿಸಿಬಿಡಿ ಎಂದ ಹಾಗಾಯಿತು. ಮರುವರ್ಷ, 2020ರಲ್ಲಿ, ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕೈಬಿಟ್ಟು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಡಲಾಯಿತು. 1974ರ ತಿದ್ದುಪಡಿ ಉಳುವವನಿಗೆ ಭೂಮಿ ಕೊಡಿಸಿತ್ತು. 2020ರ ತಿದ್ದುಪಡಿ ಉಳದವನಿಗೆ ಅದನ್ನು ಕೊಳ್ಳುವ ಅವಕಾಶ ಕೊಟ್ಟಿತು. ಇದು ಮಾದನಾಯಕನಹಳ್ಳಿಗೆ ಎಷ್ಟು ಅನ್ವಯಿಸುತ್ತದೋ ತೀರ್ಥಹಳ್ಳಿ, ಸಿರ್ಸಿ, ಮಡಿಕೇರಿಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಘಟ್ಟಕ್ಕೆ ಬಂದ ಬಾಯಾರಿಕೆ

ಹೆಸರಘಟ್ಟ ಸಾಲದೆ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ ಕಾವೇರಿ. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ಕಾವೇರಿಯ ಐದನೆಯ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ದೊರೆಯಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಸುಮಾರು 14,000 ಸಾರ್ವಜನಿಕ ಕೊಳವೆ ಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವೆಂದು ಸರ್ಕಾರವೇ ತಿಳಿಸಿತ್ತು.

ಕಾವೇರಿಯ ನಂತರ ಯಾವುದು? ಉತ್ತರ ಈಗಾಗಲೇ ಬಂದಿದೆ. ಸಕಲೇಶಪುರದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಯೋಜನೆಯ ಕಾಗದದಲ್ಲಿ 24 ಟಿಎಂಸಿ ನೀರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಅಂದಾಜಿನ ಪ್ರಕಾರ ಅಲ್ಲಿ ದೊರೆಯುವುದು 9.5 ಟಿಎಂಸಿಯ ಆಸುಪಾಸು ಮಾತ್ರ. ಕೋಲಾರ, ಚಿಕ್ಕಬಳ್ಳಾಪುರಗಳ ಫ್ಲೋರೈಡ್ ಪೀಡಿತ ಜನರ ಹೆಸರಿನಲ್ಲಿ ಆರಂಭವಾದ ಈ ಯೋಜನೆಯ ಪಾಲೊಂದನ್ನು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೂ ಹಂಚಲಾಗಿದೆ. ಇಲ್ಲಿಯ ವಿಪರ್ಯಾಸವನ್ನು ಗಮನಿಸಬೇಕು. ತನ್ನದೇ ಹೊಲಗಳ ನೀರಿನಿಂದ ತುಂಬುತ್ತಿದ್ದ ಜಲಾಶಯದ ಬಯಲಿನಲ್ಲಿ ಕಾಂಕ್ರೀಟು ಹಾಸಿ, ಆ ಖಾಲಿ ಜಲಾಶಯವನ್ನು ತುಂಬಿಸಲು ಪಶ್ಚಿಮಕ್ಕೆ ಹರಿಯುವ ಹಳ್ಳವನ್ನು ಘಟ್ಟದ ಮೇಲಿಂದ ಪೂರ್ವಕ್ಕೆ ತಿರುಗಿಸುವುದು. ಮಾದನಾಯಕನಹಳ್ಳಿಯ ಹೊಲ ಮತ್ತು ಸಕಲೇಶಪುರದ ಹಳ್ಳದ ನಡುವಿನ ನಂಟು ಇದಕ್ಕಿಂತ ಸ್ಪಷ್ಟವಾಗಿ ಕಾಣಲು ಸಾಧ್ಯವಿಲ್ಲ.

ಶರಾವತಿಯ ಕಥೆಯೂ ಇದೇ ದಾರಿಯದು. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರೊಯ್ಯುವ ಪ್ರಸ್ತಾವವನ್ನು ವಿರೋಧಿಸಿ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಬೆಳಕಿಗಾಗಿ ಮನೆಮಠ ಮುಳುಗಿಸಿಕೊಂಡ ಜನರ ಮುಂದೆ ನೀರಿನ ಬೇಡಿಕೆಯೂ ಬಂದು ನಿಂತಿತ್ತು. ಆಗ ಸರ್ಕಾರ ಹಿಂಜರಿಯಿತು. ಆದರೆ ಬೇಡಿಕೆಯ ಮೂಲ ಹಾಗೆಯೇ ಇರುವವರೆಗೆ ಪ್ರಸ್ತಾವ ಹೊಸ ಹೆಸರಿನಲ್ಲಿ ಮರಳದೆ ಇರದು.

ಆದ್ದರಿಂದ ಗುಡ್ಡಗಾಡಿನ ಚಳವಳಿ ತನ್ನ ಹೊಳೆಯ ದಡದಲ್ಲಿ ನಿಂತು 'ನೀರು ಕೊಡೆವು' ಎಂದರೆ ಸಾಲದು. 'ನಿಮ್ಮ ಹೊಲಗಳನ್ನು, ನಿಮ್ಮ ಅರ್ಕಾವತಿಯನ್ನು ಏನು ಮಾಡಿದಿರಿ?' ಎಂದೂ ಕೇಳಬೇಕು. ಮೊದಲನೆಯ ಮಾತಿಗೆ ಸ್ವಾರ್ಥದ ಆರೋಪ ಅಂಟುತ್ತದೆ. ಕುಡಿಯುವ ನೀರಿಗೂ ಅಡ್ಡಿಯೇ ಎಂದು ನಗರ ಮರುಪ್ರಶ್ನೆ ಹಾಕುತ್ತದೆ. ಆ ಪ್ರಶ್ನೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಮಾದನಾಯಕನಹಳ್ಳಿಯ ಬಾಡಿಗೆ ಕೋಣೆಗಳಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾಯುವವರಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. ಪೀಣ್ಯದ ಪಾಳಿ ಮುಗಿಸಿ ಬರುವ ಆ ಹುಡುಗ, ಸಿದ್ಧ ಉಡುಪಿನ ಕಾರ್ಖಾನೆಯಿಂದ ಮರಳುವ ಆ ಹುಡುಗಿ ಯಾರ ಶತ್ರುಗಳೂ ಅಲ್ಲ. ಎರಡನೆಯ ಪ್ರಶ್ನೆ ಅವರ ಪರವಾಗಿಯೂ ಕೇಳುವಂಥದ್ದು.

ಹೊಲ ಮಾರಿದವನದೇ ತಪ್ಪೇ?

ರೈತ ತಾನಾಗಿಯೇ ಹೊಲ ಮಾರಿದನಲ್ಲ ಎಂಬ ಮಾತು ಇಲ್ಲಿ ಬರುತ್ತದೆ. ಲೆಕ್ಕ ಹಾಕಿದರೆ ಆ ಮಾತಿನ ಟೊಳ್ಳು ತಿಳಿಯುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಹತ್ತು ಕ್ವಿಂಟಾಲ್ ಬಂದರೆ ಅದು ಒಳ್ಳೆಯ ಬೆಳೆ. ಅಂದರೆ ಖರ್ಚು ಕಳೆಯುವ ಮೊದಲೇ ವರ್ಷಕ್ಕೆ 40ರಿಂದ 50 ಸಾವಿರ. ಹೆದ್ದಾರಿಯ ಬದಿಯ ಅದೇ ಎಕರೆಗೆ ನಿವೇಶನದ ದಲ್ಲಾಳಿ ಹೇಳುವುದು ಕೋಟಿಗಳ ಮಾತು. ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಸಾಲ ತಲೆಯ ಮೇಲಿರುವ ಕುಟುಂಬಕ್ಕೆ ನದಿಯ ನೆನಪು ಮಾಡಿಕೊಡುವುದು ನ್ಯಾಯವಲ್ಲ.

ತಪ್ಪಿರುವುದು ಬೆಲೆ ಕಟ್ಟುವ ರೀತಿಯಲ್ಲಿ. ಹೊಲ ಎರಡು ಫಸಲು ಕೊಡುತ್ತಿತ್ತು. ಒಂದು ರಾಗಿ, ಇನ್ನೊಂದು ನೀರು. ರಾಗಿಗೆ ಅಲ್ಪ ಬೆಲೆಯಾದರೂ ಸಿಕ್ಕಿತು. ನೀರಿಗೆ ಒಂದು ಕಾಸೂ ಸಿಗಲಿಲ್ಲ. ಆ ನೀರನ್ನು ಕುಡಿದ ನಗರ ಅದನ್ನು ಹೊಲದ ಫಸಲೆಂದು ಎಂದೂ ಗುರುತಿಸಲಿಲ್ಲ.

ಹೀಗೆ ಗುರುತಿಸಿದ ನಗರಗಳು ಲೋಕದಲ್ಲಿವೆ. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ನೀರು ಬರುವುದು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಹಾಗೂ ಡೆಲಾವೇರ್ ನದಿಯ ಮೇಲ್ಭಾಗದ ಹಳ್ಳಿಗಳಿಂದ. ಆ ನೀರನ್ನು ಶುದ್ಧೀಕರಿಸಲು ಅಪಾರ ವೆಚ್ಚದ ಸ್ಥಾವರ ಕಟ್ಟಬೇಕೇ ಎಂಬ ಪ್ರಶ್ನೆ 1990ರ ದಶಕದಲ್ಲಿ ಎದುರಾಯಿತು. ನಗರ ಬೇರೆ ದಾರಿ ಹಿಡಿಯಿತು. 1997ರ ಒಪ್ಪಂದದಂತೆ ಜಲಾನಯನದ ರೈತರು ಮತ್ತು ಊರುಗಳೊಡನೆ ಕೈಜೋಡಿಸಿ, ಕೊಟ್ಟಿಗೆಯ ಸುಧಾರಣೆಗೆ, ಹೊಳೆದಂಡೆಯ ರಕ್ಷಣೆಗೆ, ಭೂಮಿಯನ್ನು ಕಟ್ಟಡಗಳಿಂದ ಕಾಯಲು ನಗರವೇ ಹಣ ತೊಡಗಿಸಿತು. ಸ್ಥಾವರಕ್ಕಿಂತ ಇದು ಬಹಳ ಅಗ್ಗವಾಯಿತು. ರೈತ ಹೊಲದಲ್ಲಿ ಉಳಿದ, ನೀರು ತಿಳಿಯಾಗಿ ಉಳಿಯಿತು. ಅಲ್ಲಿಯ ಕ್ರಮವನ್ನು ಇಲ್ಲಿಗೆ ಹಾಗೆಯೇ ನಕಲು ಮಾಡಲಾಗದು. ಆದರೆ ನೀರು ಕುಡಿಯುವವನು ನೀರು ಹುಟ್ಟುವ ನೆಲವನ್ನು ಸಾಕಬೇಕೆಂಬ ನ್ಯಾಯ ಎಲ್ಲ ಕಡೆಯೂ ಒಂದೇ.

ಉಳಿದಿರುವುದು, ಆಗಬೇಕಾದುದು

ಎಲ್ಲವೂ ಮುಗಿದಿಲ್ಲ. 2022ರ ಭಾರಿ ಮಳೆಗೆ ಹೆಸರಘಟ್ಟದ ಕೆರೆ ದಶಕಗಳ ನಂತರ ತುಂಬಿತು. ನೀರಿನ ಹಳೆಯ ದಾರಿ ಪೂರ್ತಿ ಸತ್ತಿಲ್ಲವೆಂಬುದಕ್ಕೆ ಇದು ಸಾಕ್ಷಿ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸಲು ನಾಗರಿಕರು ವರ್ಷಗಟ್ಟಲೆ ಹೋರಾಡಿದ ಮೇಲೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿಗೆ ನೀಡಿತು. ಹುಲ್ಲುಗಾವಲಿಗೆ ಸಿಕ್ಕ ಮನ್ನಣೆ ಪಕ್ಕದ ರಾಗಿ ಹೊಲಕ್ಕೂ ಸಿಗಬೇಕು.

ಅದಕ್ಕಾಗಿ ಕೇಳಬೇಕಾದ ಬೇಡಿಕೆಗಳು ಅಸಾಧ್ಯವಾದವಲ್ಲ. ಅರ್ಕಾವತಿ ಜಲಾನಯನದಲ್ಲಿ ಇನ್ನೂ ಉಳಿದಿರುವ ಕೃಷಿಭೂಮಿಯನ್ನು ಜಲಾನಯನ ಕೃಷಿವಲಯವೆಂದು ಗುರುತಿಸಿ, ಬೆಂಗಳೂರಿನ ನೀರಿನ ಶುಲ್ಕದ ಒಂದು ಭಾಗವನ್ನು ಬೇಸಾಯ ಮುಂದುವರಿಸುವ ರೈತನಿಗೆ ಎಕರೆವಾರು ಕೊಡಬೇಕು. 2003ರ ಆದೇಶದ ನದಿದಂಡೆಯ ನಿರ್ಬಂಧವನ್ನು ಮತ್ತೆ ಜಾರಿಗೆ ತರಬೇಕು. ಹಳೆಯ ಗ್ರಾಮ ನಕಾಶೆಗಳಲ್ಲಿರುವ ರಾಜಕಾಲುವೆಗಳನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಬಿಡಿಸಿ ಜೋಡಿಸಬೇಕು. ಇಷ್ಟನ್ನು ಮಾಡಿ ಮುಗಿಸುವ ಮುನ್ನ ಘಟ್ಟದ ಯಾವ ಹೊಳೆಗೂ ಹೊಸ ಪೈಪು ಇಡಬಾರದು. ನಗರ ಮೊದಲು ತನ್ನ ಮನೆಯ ಲೆಕ್ಕ ಒಪ್ಪಿಸಲಿ ಎಂಬುದು ಮಲೆನಾಡಿನ ಬೇಡಿಕೆಯಾಗಲಿ.

ಇದರ ಜೊತೆಗೆ ಮಲೆನಾಡು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ಮಾದನಾಯಕನಹಳ್ಳಿಯಲ್ಲಿ 1980ರ ದಶಕದಲ್ಲಿ ಕಂಡ ಲಕ್ಷಣಗಳು ಇಂದು ಘಟ್ಟದ ಊರುಗಳಲ್ಲಿ ಕಾಣುತ್ತಿವೆ. ಮಳೆಗಾಲವಿಡೀ ನೀರು ನಿಲ್ಲಿಸಿಕೊಂಡು ಕೆಳಗಿನ ಬಾವಿಗಳಿಗೆ ಜಿನುಗಿಸುತ್ತಿದ್ದ ಭತ್ತದ ಗದ್ದೆಗಳಲ್ಲಿ ಬಸಿಗಾಲುವೆ ತೆಗೆದು ಅಡಿಕೆ ನೆಡಲಾಗುತ್ತಿದೆ. ಕಾನಿನ ಅಂಚು, ಸೊಪ್ಪಿನ ಬೆಟ್ಟಗಳು ಕರಗುತ್ತಿವೆ. ಅಬ್ಬಿಯ ನೀರು ಸಾಕಾಗಿದ್ದ ಮನೆಗಳ ಮುಂದೆ ಕೊಳವೆ ಬಾವಿಯ ಲಾರಿ ನಿಲ್ಲುತ್ತಿದೆ. ಪೇಟೆಯ ಬದಿಯ ಗದ್ದೆಗಳಲ್ಲಿ ನಿವೇಶನದ ಕಲ್ಲುಗಳು ಎದ್ದಿವೆ, ಗುಡ್ಡದ ನೆತ್ತಿಯಲ್ಲಿ ರೆಸಾರ್ಟುಗಳು ಎದ್ದಿವೆ. ಮಕ್ಕಳು ನಗರಕ್ಕೆ ಹೋದ ಮನೆಗಳಲ್ಲಿ ಗದ್ದೆ ಮಾಡಲು ಆಳಿಲ್ಲ. ಇವೆಲ್ಲಕ್ಕೂ ಕಾರಣಗಳಿವೆ, ಮಾದನಾಯಕನಹಳ್ಳಿಯ ರೈತನಿಗಿದ್ದಂತೆಯೇ. ಆದರೆ ಮಳೆ ಹೆಚ್ಚೆಂಬ ಧೈರ್ಯದಲ್ಲಿ ಗದ್ದೆ, ಕಾನುಗಳನ್ನು ಕಳೆದುಕೊಂಡರೆ ಏನಾಗುತ್ತದೆಂಬುದನ್ನು ಮಾರ್ಚಿ ತಿಂಗಳಲ್ಲೇ ಬತ್ತುವ ಹಳ್ಳಗಳು ಈಗಾಗಲೇ ಹೇಳುತ್ತಿವೆ.

ಒಂದು ಅನುಕೂಲ ಮಾತ್ರ ಮಲೆನಾಡಿಗೆ ಇನ್ನೂ ಇದೆ. ಮಾದನಾಯಕನಹಳ್ಳಿ ನಗರಸಭೆಯಾದಾಗ ಊರವರೆಲ್ಲ ಒಟ್ಟಿಗೆ ಕುಳಿತು ಗೋಮಾಳ, ಕೆರೆ, ಕಾಲುವೆಗಳ ಬಗ್ಗೆ ಮಾತನಾಡುವ ಗ್ರಾಮಸಭೆ ಇಲ್ಲವಾಯಿತು. ಘಟ್ಟದ ಹಳ್ಳಿಗಳಲ್ಲಿ ಅದು ಉಳಿದಿದೆ. ಪ್ರತಿ ಗ್ರಾಮಸಭೆ ತನ್ನ ವ್ಯಾಪ್ತಿಯ ಒರತೆ, ಅಬ್ಬಿ, ಹಳ್ಳ, ಕೆರೆಗಳ ಪಟ್ಟಿ ಮಾಡಿ ನಡಾವಳಿಯಲ್ಲಿ ಬರೆಸಲಿ. ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯಿತೆಂಬುದನ್ನು ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ವರ್ಷವರ್ಷವೂ ದಾಖಲಿಸಲಿ. ಅರ್ಕಾವತಿ ಏಕೆ ಬತ್ತಿತೆಂದು ವಿಜ್ಞಾನಿಗಳು ಹುಡುಕತೊಡಗಿದ್ದು ನದಿ ಬತ್ತಿದ ನಂತರ. ಇಲ್ಲಿ ಹೊಳೆ ಹರಿಯುತ್ತಿರುವಾಗಲೇ ಲೆಕ್ಕ ಇಟ್ಟರೆ ನಾಳೆ ಯಾವುದೇ ಯೋಜನೆಯ ಕಾಗದ ಬಂದಾಗ ಎದುರಿಗಿಡಲು ಊರಿನದೇ ಪುಸ್ತಕ ಇರುತ್ತದೆ.

ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೊರಟ ಮಲೆನಾಡಿನ ತರುಣರು ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಬಹುದು. ನಸುಕಿನ ಬಸ್ಸಿನಲ್ಲಿ ನಿದ್ದೆಗಣ್ಣಿನಿಂದ ದಾಟಿದ ಮಾದನಾಯಕನಹಳ್ಳಿಗೆ ಹಗಲಿನಲ್ಲಿ ಬಂದು ಇಳಿಯಲಿ. ಅರ್ಕಾವತಿಯ ಪಾತ್ರ ಎಲ್ಲಿದೆಯೆಂದು ಕೇಳಿಕೊಂಡು ನಡೆಯಲಿ. ಬಡಾವಣೆಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದ ಹೊಲದಲ್ಲಿ ರಾಗಿ ಕೊಯ್ಯುವವರು ಸಿಕ್ಕರೆ ಅವರೊಡನೆ ಮಾತನಾಡಲಿ. ಆ ನದಿ ಎಷ್ಟು ತಿಂಗಳು ಹರಿಯುತ್ತಿತ್ತು, ಯಾವ ವರ್ಷ ನಿಂತಿತು, ಅದರ ಹಿಂದಿನ ವರ್ಷ ಊರಿನಲ್ಲಿ ಏನಾಯಿತು ಎಂದು ವಿಚಾರಿಸಲಿ. ಊರಿಗೆ ಮರಳಿದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಲು ಅವರ ಬಳಿ ಆಗ ಕಣ್ಣಾರೆ ಕಂಡ ಸಂಗತಿ ಇರುತ್ತದೆ.